ಎಣ್ಣೆ ಸೀಮೆಯ ಗೇಟು, ಗಾಲಿಯ ಮೇಲಿನ ಮನೆ

ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಿಂದ ಮೆಕ್ಸಿಕೊ ಗಡಿಯ ಲರೇಡೊ ಕಡೆಗೆ ಹೊರಟ ಹೆದ್ದಾರಿಯಲ್ಲಿ ಅರ್ಧ ದಾರಿ ಸಾಗಿದರೆ ಕೊಟುಲಾ ಎಂಬ ಪುಟ್ಟ ಊರು ಸಿಗುತ್ತದೆ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಕುರುಚಲು ಕಾಡು. ನಮ್ಮ ಬಯಲುಸೀಮೆಯವರಿಗೆ ಈ ನೋಟ ಹೊಸದೆನಿಸಲಾರದು. ಅಲ್ಲಿ ದಟ್ಟವಾಗಿ ಬೆಳೆದಿರುವ ಮೆಸ್ಕೀಟ್ ಗಿಡ ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ಬಂಧು. ಅದರ ನಡುವೆ ಹರಡಿಕೊಂಡಿರುವುದು ಪಾಪಾಸುಕಳ್ಳಿ. ಬೇಸಿಗೆಯಲ್ಲಿ ಬಿಸಿಲು 38 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಕಥೆಗಾರ ಓ. ಹೆನ್ರಿ ತಮ್ಮ ಯೌವನದ ಎರಡು ವರ್ಷ ಕಳೆದದ್ದು ಇದೇ ಲಾ ಸಾಲ್ ಜಿಲ್ಲೆಯ ಕುರಿ ಸಾಕುವ ರ‍್ಯಾಂಚ್ ಒಂದರಲ್ಲಿ. ಮುಂದೆ ಅಮೆರಿಕದ ಅಧ್ಯಕ್ಷರಾದ ಲಿಂಡನ್ ಜಾನ್ಸನ್ 1928ರಲ್ಲಿ ಕೊಟುಲಾದ ಶಾಲೆಯಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳುವ ಮೇಷ್ಟರಾಗಿದ್ದರು.

ದನ ಸಾಕಣೆ ಮತ್ತು ಜಿಂಕೆ ಬೇಟೆಗೆ ಬರುವವರಿಂದ ಸಿಗುವ ಗುತ್ತಿಗೆ ಹಣ, ಇವೇ ಬಹುಕಾಲ ಈ ಸೀಮೆಯ ಮುಖ್ಯ ಆದಾಯವಾಗಿದ್ದವು. 2008ರಲ್ಲಿ ಇದೇ ಜಿಲ್ಲೆಯಲ್ಲಿ ಕೊರೆದ ಬಾವಿಯೊಂದರಲ್ಲಿ ಅನಿಲ ಚಿಮ್ಮಿದ್ದೇ ತಡ, ಎಲ್ಲವೂ ಬದಲಾಯಿತು. ಕೆಲವೇ ವರ್ಷಗಳಲ್ಲಿ ನೂರಾರು ರ‍್ಯಾಂಚ್‌ಗಳ ಗೇಟುಗಳ ಪಕ್ಕದಲ್ಲಿ ಬಸ್ಸಿನಂಥ ಮನೆಗಳು ಬಂದು ನಿಂತವು. ಅವುಗಳ ಒಳಗಿದ್ದವರಲ್ಲಿ ಅನೇಕರು ನಿವೃತ್ತ ದಂಪತಿಗಳು. ಅವರ ಕೆಲಸ ಗೇಟು ಕಾಯುವುದು.

ಬಂಡೆಯೊಳಗಿನ ಎಣ್ಣೆ

ಈ ಭಾಗದ ನೆಲದಡಿಯಲ್ಲಿ ಈಗಲ್ ಫೋರ್ಡ್ ಎಂಬ ಜೇಡುಶಿಲೆಯ ಪದರವಿದೆ. ಡೈನೋಸಾರ್‌ಗಳು ಇನ್ನೂ ಬದುಕಿದ್ದ ಕಾಲದಲ್ಲಿ, ಅಂದರೆ ಸುಮಾರು 9 ಕೋಟಿ ವರ್ಷಗಳ ಹಿಂದೆ, ಇಲ್ಲಿದ್ದ ಸಮುದ್ರದ ತಳದಲ್ಲಿ ಕೂತ ಕೆಸರೇ ಗಟ್ಟಿಯಾಗಿ ಈ ಬಂಡೆಯಾಯಿತು. ಅದರಲ್ಲಿ ಹೂತುಹೋದ ಸೂಕ್ಷ್ಮಜೀವಿಗಳ ಅವಶೇಷವೇ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ಎಣ್ಣೆಯೂ ಅನಿಲವೂ ಆಯಿತು. ಆದರೆ ಜೇಡುಶಿಲೆಯ ರಂಧ್ರಗಳು ಎಷ್ಟು ಸಣ್ಣವೆಂದರೆ ಎಣ್ಣೆ ತಾನಾಗಿ ಹರಿದು ಬರುವುದಿಲ್ಲ. ಕಿಲೋಮೀಟರುಗಟ್ಟಲೆ ಕೆಳಕ್ಕೆ ಕೊರೆದು, ಅಲ್ಲಿಂದ ಕೊಳವೆಯನ್ನು ಅಡ್ಡಕ್ಕೆ ತಿರುಗಿಸಿ, ಮರಳು ಬೆರೆಸಿದ ನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಬಂಡೆಯನ್ನು ಸೀಳಬೇಕು. ನೀರು ಹಿಂದಕ್ಕೆ ಬಂದರೂ ಮರಳಿನ ಕಣಗಳು ಬಿರುಕುಗಳಲ್ಲಿ ಸಿಕ್ಕಿಕೊಂಡು ಅವು ಮುಚ್ಚದಂತೆ ತಡೆಯುತ್ತವೆ.

ಇಂಥ ಒಂದೊಂದು ಬಾವಿಗೂ ಒಂದು ಕೋಟಿ ಲೀಟರಿಗಿಂತ ಹೆಚ್ಚು ನೀರು ಬೇಕು. ನೀರು, ಮರಳು, ಉಕ್ಕಿನ ಕೊಳವೆ, ಸಿಮೆಂಟು, ಡೀಸೆಲ್ ಎಲ್ಲ ಸೇರಿ ಲಾರಿಗಳ ಓಡಾಟ ಸಾವಿರ ಬಾರಿಯನ್ನೂ ಮೀರುತ್ತದೆ. ಅಷ್ಟೂ ಲಾರಿಗಳು ಹೋಗಬೇಕಾದದ್ದು ಇನ್ನೊಬ್ಬರ ದನದ ಹುಲ್ಲುಗಾವಲಿನ ಮೂಲಕ. ಟೆಕ್ಸಾಸ್‌ನಲ್ಲಿ ನೆಲದ ಮೇಲ್ಮೈ ಒಬ್ಬರದಾಗಿದ್ದು ಅದರಡಿಯ ಖನಿಜ ಮತ್ತೊಬ್ಬರದಾಗಿರಬಹುದು. ಖನಿಜದ ಹಕ್ಕು ಪಡೆದವರಿಗೆ ಒಳಗೆ ಬರುವ ಹಕ್ಕೂ ಉಂಟು. ರ‍್ಯಾಂಚಿನ ಮಾಲೀಕನ ಚಿಂತೆ ಬೇರೆ. ಯಾವನೋ ಚಾಲಕ ಗೇಟು ತೆರೆದಿಟ್ಟು ಹೋದರೆ ದನಗಳು ಹೆದ್ದಾರಿ ಸೇರುತ್ತವೆ. ಕಂಪನಿಗೆ ಸಲಕರಣೆಗಳ ಕಳವಿನ ಭಯ. ಇಬ್ಬರಿಗೂ ಬೇಕಾದವನು ಗೇಟಿನಲ್ಲಿ ಹಗಲೂ ರಾತ್ರಿಯೂ ಇರುವ ಕಾವಲುಗಾರ.

ಒಂದು ಪುಸ್ತಕ, ಒಂದು ಗಂಟೆ

ಕೆಲಸವೇನೋ ಸರಳ. ರಸ್ತೆಗೆ ಅಡ್ಡಲಾಗಿ ಹಾಸಿದ ರಬ್ಬರ್ ಕೊಳವೆಯ ಮೇಲೆ ಚಕ್ರ ಹಾದಾಗ ಒಳಗಿನ ಗಾಳಿ ಒತ್ತಿಕೊಂಡು ಗಂಟೆ ಬಾರಿಸುತ್ತದೆ. ಕಾವಲುಗಾರ ಹೊರಗೆ ಬಂದು ವಾಹನದ ಸಂಖ್ಯೆ, ಚಾಲಕನ ಹೆಸರು, ಕಂಪನಿ, ಬಂದ ಸಮಯ ಇಷ್ಟನ್ನೂ ಪುಸ್ತಕದಲ್ಲಿ ಬರೆದುಕೊಂಡು ಒಳಗೆ ಬಿಡುತ್ತಾನೆ. ಹೊರಗೆ ಹೋಗುವಾಗ ಮತ್ತೊಮ್ಮೆ ಬರೆಯಬೇಕು. ಬಾವಿ ಕೊರೆಯುವ ದಿನಗಳಲ್ಲಿ ನಡುರಾತ್ರಿಯೆಂದು ಲಾರಿ ನಿಲ್ಲುವುದಿಲ್ಲ. ಬಿಳಿ ಸುಣ್ಣಗಲ್ಲಿನ ಕಚ್ಚಾ ರಸ್ತೆಯಿಂದ ಏಳುವ ಧೂಳು ಊಟದ ತಟ್ಟೆಯವರೆಗೂ ಬಂದು ಕೂರುತ್ತದೆ.

ಈ ಪುಸ್ತಕ ಬರೀ ಲೆಕ್ಕದ ಪುಸ್ತಕವೆಂದು ಭಾವಿಸಬಾರದು. ಕೆಲವು ಎಣ್ಣೆ ಬಾವಿಗಳಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಬರುವುದುಂಟು. ಶಾಲೆಯ ಪ್ರಯೋಗಾಲಯದಲ್ಲಿ ಕಿಪ್ ಉಪಕರಣದಿಂದ ತಯಾರಿಸುತ್ತಿದ್ದ, ಕೊಳೆತ ಮೊಟ್ಟೆಯ ವಾಸನೆಯ ಅನಿಲವೇ ಇದು. ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ಶೇಖರವಾಗುತ್ತದೆ. ವಾಸನೆ ಬರುವವರೆಗೆ ಎಚ್ಚರಿಕೆಯಾದರೂ ಉಂಟು. ಹತ್ತು ಲಕ್ಷ ಭಾಗ ಗಾಳಿಗೆ ನೂರು ಭಾಗ ಬೆರೆತರೆ ಕೆಲವೇ ನಿಮಿಷಗಳಲ್ಲಿ ಮೂಗೇ ಮಂಕಾಗಿ, ಅಪಾಯ ಹೆಚ್ಚಿದಂತೆ ಅದರ ಸುಳಿವೇ ಸಿಗದಂತಾಗುತ್ತದೆ. ಅನಿಲ ಸೋರಿ ಎಲ್ಲರೂ ಹೊರಗೆ ಓಡಿ ಬಂದಾಗ, ಒಳಗೆ ಇನ್ನೂ ಎಷ್ಟು ಜನ ಉಳಿದಿದ್ದಾರೆಂದು ತಿಳಿಯುವುದು ಗೇಟಿನ ಪುಸ್ತಕದಿಂದ. ತೂಕಡಿಕೆಯಲ್ಲಿ ಬಿಟ್ಟುಹೋದ ಒಂದು ಸಾಲು ಒಬ್ಬ ಮನುಷ್ಯನೇ ಆಗಿರಬಹುದು.

ವಿಳಾಸವಿಲ್ಲದವರ ವಿಳಾಸ

ಇವರ ಮನೆಗೆ ಅಲ್ಲಿ ಆರ್.ವಿ. ಎನ್ನುತ್ತಾರೆ. ಕೆಲವು ತಾವೇ ಓಡುವ ಬಸ್ಸಿನಂಥವು. ಇನ್ನು ಕೆಲವು ಪಿಕಪ್ ಲಾರಿಯ ಬೆನ್ನಿಗೆ ಸಿಕ್ಕಿಸಿ ಎಳೆಯುವಂಥವು. ಮಂಚ, ಒಲೆ, ಶೀತಕಪೆಟ್ಟಿಗೆ, ಶೌಚಾಲಯ ಎಲ್ಲವೂ ಒಳಗೇ. ಸ್ವಂತ ಮನೆ ಮಾರಿ ವರ್ಷವಿಡೀ ಇದರಲ್ಲೇ ಇರುವವರು ಅಮೆರಿಕದಲ್ಲಿ ಬಹಳ ಮಂದಿ. ಕೆಲವರು ದೇಶ ನೋಡುವ ಆಸೆಯಿಂದ ಹೊರಟವರು. 2008ರ ಆರ್ಥಿಕ ಕುಸಿತದಲ್ಲಿ ಮನೆಯನ್ನೋ ಮುಪ್ಪಿನ ಉಳಿತಾಯವನ್ನೋ ಕಳೆದುಕೊಂಡು ಈ ದಾರಿ ಹಿಡಿದವರೂ ಇದ್ದಾರೆ. ಮನೆಯೇ ಓಡುತ್ತಿದ್ದರೆ ಅಂಚೆಯವನು ಕಾಗದ ಎಲ್ಲಿ ಕೊಡಬೇಕು? ಅದಕ್ಕೂ ಉಪಾಯವಿದೆ. ಟೆಕ್ಸಾಸ್‌ನ ಲಿವಿಂಗ್‌ಸ್ಟನ್ ಊರಿನಲ್ಲಿ ನೆಲೆಯಿರುವ, 1978ರಲ್ಲಿ ಆರಂಭವಾದ ಎಸ್ಕೇಪೀಸ್ ಎಂಬ ಸಂಘ ತನ್ನ ಸದಸ್ಯರ ಕಾಗದಗಳನ್ನು ಅವರಿದ್ದಲ್ಲಿಗೆ ಕಳುಹಿಸುತ್ತದೆ. ಸಾವಿರಾರು ಜನರ ಕಾಯಂ ವಿಳಾಸ ಆ ಒಂದು ಊರೇ.

ಗೇಟಿನ ಕೆಲಸಕ್ಕೆ ಇವರು ಹೇಳಿ ಮಾಡಿಸಿದಂತಿದ್ದರು. ಕಂಪನಿ ಜನರೇಟರ್, ನೀರಿನ ತೊಟ್ಟಿ, ಕೊಳಚೆಯ ತೊಟ್ಟಿ ಒದಗಿಸಿದರೆ ಸಾಕು, ಕಾವಲುಗಾರರು ಮನೆಸಮೇತ ಬರುತ್ತಾರೆ. ಗಂಡ ಹನ್ನೆರಡು ಗಂಟೆ, ಹೆಂಡತಿ ಹನ್ನೆರಡು ಗಂಟೆ ಪಾಳಿ ಹಂಚಿಕೊಳ್ಳುತ್ತಾರೆ. ಹಾಗಾಗಿ ಒಂದೇ ಸೂರಿನಡಿ ಇದ್ದರೂ ಒಬ್ಬರು ಎದ್ದಾಗ ಇನ್ನೊಬ್ಬರು ಮಲಗಿರುತ್ತಾರೆ. ದಿನಸಿ ತರಲು ಒಬ್ಬರೇ ಹೋಗಬೇಕು. ಬೆಳಕು ಕಂಡು ತನ್ನ ಗಡಿಯಾರ ಸರಿಮಾಡಿಕೊಳ್ಳುವ ಮೆದುಳಿಗೆ, ಹಗಲು ನಿದ್ದೆ ಅರುವತ್ತರ ವಯಸ್ಸಿನಲ್ಲಿ ಸುಲಭವಾಗಿ ಒಗ್ಗುವುದಿಲ್ಲ. ಮೆಟ್ಟಿಲಿಳಿಯುವ ಮುನ್ನ ಟಾರ್ಚ್ ಹಾಕಿ ನೋಡಬೇಕು. ಅದು ಬುಡುಬುಡಿಕೆ ಹಾವು, ಚೇಳುಗಳ ಸೀಮೆ. ದೂರದಲ್ಲಿ, ಸಾಗಿಸಲು ಕೊಳವೆಯಿಲ್ಲದ ಅನಿಲವನ್ನು ಸುಮ್ಮನೆ ಉರಿಸುವ ಜ್ವಾಲೆಗಳು. ಆ ಬೆಳಕಿನ ಪಟ್ಟಿ ಉಪಗ್ರಹಗಳು ತೆಗೆದ ರಾತ್ರಿಯ ಚಿತ್ರಗಳಲ್ಲೂ ಕಾಣುತ್ತದೆ. ಸ್ವಾತಂತ್ರ್ಯಕ್ಕೆಂದು ಗಾಲಿಯ ಮನೆ ಕೊಂಡವರು ಒಂದು ಗೇಟಿಗೆ ಕಟ್ಟಿಹಾಕಿದಂತೆ ತಿಂಗಳುಗಟ್ಟಲೆ ಕೂರುತ್ತಾರೆ.

ಗಂಟೆಯ ಲೆಕ್ಕ

ಸಂಬಳದ ವಿಷಯಕ್ಕೆ ಬಂದರೆ ಮಕ್ಕಳೂ ಮಾಡಬಹುದಾದ ಒಂದು ಲೆಕ್ಕವಿದೆ. 2010ರ ಆಸುಪಾಸಿನಲ್ಲಿ ಗೇಟೊಂದಕ್ಕೆ ದಿನಕ್ಕೆ 100ರಿಂದ 175 ಡಾಲರ್ ಸಿಗುತ್ತಿತ್ತು. 150 ಎಂದಿಟ್ಟುಕೊಂಡರೆ ತಿಂಗಳಿಗೆ 4,500 ಡಾಲರ್. ಬಾಡಿಗೆಯಿಲ್ಲ, ವಿದ್ಯುತ್ತಿನ ಬಿಲ್ಲಿಲ್ಲ. ಸಾಲ ತೀರಿಸಿಕೊಳ್ಳಲು ಒಳ್ಳೆಯ ದಾರಿಯೇ. ಆದರೆ ಅದೇ 150ನ್ನು 24ರಿಂದ ಭಾಗಿಸಿದರೆ ಗಂಟೆಗೆ 6 ಡಾಲರ್ 25 ಸೆಂಟ್. 2009ರ ಜುಲೈಯಿಂದ ಅಮೆರಿಕದ ಕೇಂದ್ರ ಕಾನೂನಿನ ಕನಿಷ್ಠ ಕೂಲಿ 7 ಡಾಲರ್ 25 ಸೆಂಟ್.

ಹಾಗಾದರೆ ಲಾರಿಯಿಲ್ಲದೆ ಕುಳಿತು ಕಾಯುವ ಗಂಟೆ ದುಡಿಮೆಯೋ, ಬಿಡುವೋ? ಪ್ರಶ್ನೆ ನ್ಯಾಯಾಲಯದ ಬಾಗಿಲಿಗೂ ಹೋಯಿತು. ಕಾವಲುಗಾರರನ್ನು ಒದಗಿಸುವ ಸಂಸ್ಥೆಯೊಂದು 60 ಲಕ್ಷ ಡಾಲರಿಗೂ ಹೆಚ್ಚು ಹಿಂಬಾಕಿ ಕೂಲಿ ಕೊಡಬೇಕೆಂದು ಕೇಂದ್ರ ಕಾರ್ಮಿಕ ಇಲಾಖೆ ವಾದಿಸಿತು. ಇವರು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು, ಆದ್ದರಿಂದ ಕನಿಷ್ಠ ಕೂಲಿಯ ನಿಯಮ ಅನ್ವಯಿಸದು ಎಂದು 2013ರಲ್ಲಿ ಟೆಕ್ಸಾಸ್‌ನ ಕೇಂದ್ರ ನ್ಯಾಯಾಲಯ ಆ ಪ್ರಕರಣದಲ್ಲಿ ತೀರ್ಪಿತ್ತಿತು. 2015ರಲ್ಲಿ ಮೇಲಿನ ನ್ಯಾಯಾಲಯ ಇಲಾಖೆಯ ತನಿಖೆಯ ರೀತಿಯನ್ನೇ ಕಟುವಾಗಿ ಟೀಕಿಸಿತು. ಕಾನೂನಿನ ಮಾತು ಹೀಗೆ ಮುಗಿಯಿತು. ರಾತ್ರಿ ಮೂರರ ಗಂಟೆಗೆ ಏಳುವವರ ಮನಸ್ಸಿನಲ್ಲಿ ಪ್ರಶ್ನೆ ಮುಗಿದಿರಲಿಕ್ಕಿಲ್ಲ.

ಎಣ್ಣೆಯ ಬೆಲೆ ಇಳಿದರೆ ಈ ಕೆಲಸವೂ ಇಲ್ಲ. 2014ರ ಮಧ್ಯದಲ್ಲಿ ಪೀಪಾಯಿಗೆ 100 ಡಾಲರ್ ಮೀರಿದ್ದ ಅಮೆರಿಕದ ಕಚ್ಚಾ ತೈಲ, 2016ರ ಆರಂಭದಲ್ಲಿ 30ಕ್ಕಿಂತ ಕೆಳಗಿಳಿಯಿತು. 2020ರ ಏಪ್ರಿಲ್ 20ರಂದು ವಾಯಿದಾ ಬೆಲೆ ಸೊನ್ನೆಗಿಂತಲೂ ಕೆಳಗೆ ಹೋಯಿತು. ಕೊರೆಯುವ ಯಂತ್ರಗಳು ನಿಂತಂತೆ ಗೇಟುಗಳೂ ಬರಿದಾದವು. ಕೆಲವೆಡೆ ಈಗ ಕ್ಯಾಮೆರಾಗಳು ವಾಹನದ ಸಂಖ್ಯೆಯನ್ನು ತಾವೇ ಓದಿಕೊಳ್ಳುತ್ತವೆ.

ಕ್ಯಾಮೆರಾಕ್ಕೆ ನಿದ್ದೆ ಬರುವುದಿಲ್ಲ, ನಿಜ. ಆದರೆ ಸಂಖ್ಯೆ ವಾಹನದ್ದು. ಅದರೊಳಗೆ ಎಷ್ಟು ಮಂದಿ ಇದ್ದಾರೆ, ಚಾಲಕನ ಕಣ್ಣು ನಿದ್ದೆಯಿಂದ ಕೆಂಪಾಗಿದೆಯೇ ಎಂದು ಬಗ್ಗಿ ನೋಡಿ, ಒಂದು ಲೋಟ ಕಾಫಿ ಕುಡಿದು ಹೋಗೆಂದು ಹೇಳಲು ಗೇಟಿನಲ್ಲಿ ಮನುಷ್ಯನೇ ಇರಬೇಕು. ಅಂಥವರ ಕಾಯುವಿಕೆಯ ಬೆಲೆಯನ್ನು ದಿನದ ಲೆಕ್ಕದಲ್ಲಿ ಹಿಡಿಯಬೇಕೋ, ಗಂಟೆಯ ಲೆಕ್ಕದಲ್ಲೋ ಎಂಬುದನ್ನು ವಿದ್ಯಾರ್ಥಿಗಳು ಭಾಗಾಕಾರ ಮುಗಿಸಿದ ಮೇಲೂ ಸ್ವಲ್ಪ ಯೋಚಿಸಬಹುದು.