ಪಿಪ್‌ನ ಕೈಗಳು

ಚಾರ್ಲ್ಸ್ ಡಿಕನ್ಸನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯನ್ನು ಕಲಿಸುವಾಗ ಮೊದಲು ಎದುರಾಗುತ್ತಿದ್ದ ತೊಡಕು ಅದರ ಹೆಸರೇ. ‘ಮಹಾ ನಿರೀಕ್ಷೆಗಳು’ ಎಂದರೆ ಅರ್ಧ ಅರ್ಥವಷ್ಟೇ ದಕ್ಕುತ್ತದೆ. ಅಂದಿನ ಇಂಗ್ಲೆಂಡಿನಲ್ಲಿ ಆ ಪದಕ್ಕೆ ಮುಂದೆ ಕೈಸೇರಲಿರುವ ಆಸ್ತಿ ಎಂಬ ಅರ್ಥವೂ ಇತ್ತು.

ಡಿಕನ್ಸ್ ತಾನೇ ನಡೆಸುತ್ತಿದ್ದ ‘ಆಲ್ ದ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ 1860ರ ಡಿಸೆಂಬರಿನಿಂದ 1861ರ ಆಗಸ್ಟಿನವರೆಗೆ ಇದು ಧಾರಾವಾಹಿಯಾಗಿ ಬಂದಿತು. ಕೆಂಟ್ ಪ್ರಾಂತ್ಯದ ಜೌಗುನೆಲದ ಅನಾಥ ಬಾಲಕ ಪಿಪ್ ಕಮ್ಮಾರ ಭಾವ ಜೋನ ಕುಲುಮೆಯ ಆಸರೆಯಲ್ಲಿ ಬೆಳೆಯುತ್ತಾನೆ. ಅಜ್ಞಾತ ದಾನಿಯೊಬ್ಬರ ಹಣ ಬಂದು, ಲಂಡನ್ನಿಗೆ ಹೋಗಿ ಸಭ್ಯಗೃಹಸ್ಥನಾಗುತ್ತಾನೆ. ಆ ದಾನಿ ಶ್ರೀಮಂತೆ ಮಿಸ್ ಹ್ಯಾವಿಶಮ್ ಎಂದು ನಂಬಿರುತ್ತಾನೆ. ಹಣ ಕಳುಹಿಸಿದವನಾದರೋ, ಬಾಲ್ಯದಲ್ಲಿ ಹೆದರಿ ಅನ್ನ ಕೊಟ್ಟಿದ್ದ ಕೈದಿ ಮ್ಯಾಗ್‌ವಿಚ್. ಇಷ್ಟಕ್ಕೇ ವ್ಯಂಗ್ಯ ಮುಗಿಯುವುದಿಲ್ಲ. ಯಾವ ಎಸ್ಟೆಲ್ಲಾಳ ಎತ್ತರಕ್ಕೆ ಏರಬೇಕೆಂದು ಪಿಪ್ ಹಂಬಲಿಸಿದನೋ, ಅವಳು ಅದೇ ಕೈದಿಯ ಮಗಳು!

ಪ್ರತಿಮೆಗಳೆಂದರೆ ಸಾಮಾನ್ಯವಾಗಿ ಎಲ್ಲರೂ ನಿಂತ ಗಡಿಯಾರಗಳನ್ನೂ ಜೇಡರ ಬಲೆ ಹಿಡಿದ ಮದುವೆಯ ಕೇಕನ್ನೂ ಬರೆಯುತ್ತಾರೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಬರುತ್ತದೆ, ಬರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕೈಗಳು. ಎಸ್ಟೆಲ್ಲಾ ಮೊದಲ ಭೇಟಿಯಲ್ಲೇ ಪಿಪ್‌ನ ಒರಟು ಕೈಗಳನ್ನು ಹಂಗಿಸುತ್ತಾಳೆ; ಅಲ್ಲಿಯವರೆಗೆ ತನ್ನ ಕೈಗಳ ಬಗ್ಗೆ ಅವನಿಗೆ ನಾಚಿಕೆಯೇ ಇರಲಿಲ್ಲ. ವಕೀಲ ಜ್ಯಾಗರ್ಸ್ ಕಕ್ಷಿಗಾರರನ್ನು ಸಾಗಹಾಕಿ, ಸುವಾಸನೆಯ ಸಾಬೂನಿನಿಂದ ಕೈ ತೊಳೆಯುತ್ತಾನೆ. ಎಸ್ಟೆಲ್ಲಾಳ ತಾಯಿ ಯಾರೆಂಬುದು ಪಿಪ್‌ಗೆ ಹೊಳೆಯುವುದು ಜ್ಯಾಗರ್ಸ್‌ನ ಮನೆಗೆಲಸದವಳ ಬೆರಳುಗಳ ಚಲನೆಯಿಂದ. ಮಿಸ್ ಹ್ಯಾವಿಶಮ್ ಬೆಂಕಿಗೆ ಸಿಕ್ಕಾಗ ಅವಳನ್ನು ಉಳಿಸಲು ಹೋಗಿ ಪಿಪ್ ತನ್ನ ಕೈಗಳನ್ನೇ ಸುಟ್ಟುಕೊಳ್ಳುತ್ತಾನೆ. ಮರಳಿ ಬಂದ ಮ್ಯಾಗ್‌ವಿಚ್ ಕೈಚಾಚಿದಾಗ ಅಸಹ್ಯದಿಂದ ಹಿಂಜರಿದವನು, ಕೊನೆಗೆ ನ್ಯಾಯಾಲಯದಲ್ಲಿ ಅದೇ ಕೈಯನ್ನು ಎಲ್ಲರ ಮುಂದೆ ಹಿಡಿದುಕೊಂಡಿರುತ್ತಾನೆ.

ಜೋನನ್ನು ಕುರಿತು ಸ್ವಲ್ಪ ಹೆಚ್ಚು ಹೇಳಬೇಕು. ಅವನು ಲಂಡನ್ನಿನ ಕೋಣೆಗೆ ಬಂದಾಗ, ಇಟ್ಟಲ್ಲಿ ನಿಲ್ಲದ ಟೋಪಿ ಮತ್ತೆ ಮತ್ತೆ ಬೀಳುತ್ತದೆ; ತಾನು ಸಾಕಿದ ಹುಡುಗನನ್ನೇ ‘ಸರ್’ ಎನ್ನತೊಡಗುತ್ತಾನೆ. ತರಗತಿ ನಗುತ್ತಿತ್ತು. ಒಂದು ವರ್ಷ ಮಾತ್ರ ಹಿಂದಿನ ಬೆಂಚಿನ ಹುಡುಗನೊಬ್ಬ ನಗಲಿಲ್ಲ. ಪಾಠ ಮುಗಿದ ಮೇಲೆ ಬಳಿಗೆ ಬಂದು, “ಸಾರ್, ನಮ್ಮಪ್ಪ ಹಾಸ್ಟೆಲಿಗೆ ರಾಗಿಹಿಟ್ಟು ತಂದಿದ್ರು. ಸ್ನೇಹಿತರಿಗೆ ನಮ್ಮೂರಿನವರು ಅಂತ ಹೇಳಿದೆ. ಅಪ್ಪ ಅಲ್ಲೇ ನಿಂತಿದ್ರು,” ಎಂದ. ನಾನು ಸಮಾಧಾನ ಹೇಳಲಿಲ್ಲ. ಜೋ ಪಿಪ್‌ನ ಸಾಲ ತೀರಿಸಿ, ಚೀಟಿಯೊಂದನ್ನಿಟ್ಟು ಸದ್ದಿಲ್ಲದೆ ಹೊರಟುಹೋಗುವ ಅಧ್ಯಾಯವನ್ನು ಓದಿಕೊಂಡು ಬಾ ಎಂದೆ. ಅವನು ಮುಂದಿನ ಶನಿವಾರ ಊರಿಗೆ ಹೋದನೆಂದು ಹಾಸ್ಟೆಲಿನವರಿಂದ ತಿಳಿಯಿತು. ಅಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ. ಹೆಸರು ಇಲ್ಲಿ ಬೇಡ.

ಹನ್ನೆರಡನೆಯ ವಯಸ್ಸಿನಲ್ಲಿ, 1824ರಲ್ಲಿ, ತಂದೆ ಸಾಲಕ್ಕಾಗಿ ಮಾರ್ಷಲ್ಸೀ ಸೆರೆಮನೆ ಸೇರಿದ ಕಾಲಕ್ಕೆ ಡಿಕನ್ಸ್ ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಆ ಅವಮಾನವನ್ನು ಬದುಕಿಡೀ ಬಹುಮಟ್ಟಿಗೆ ಬಚ್ಚಿಟ್ಟ. ಪಿಪ್‌ನ ನಾಚಿಕೆ ಅಷ್ಟು ನಿಖರವಾಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಕಾದಂಬರಿಗೆ ಎರಡು ಅಂತ್ಯಗಳಿವೆ. ಮಿತ್ರ ಬುಲ್ವರ್ ಲಿಟ್ಟನ್ನನ ಸಲಹೆಯಂತೆ ಡಿಕನ್ಸ್ ತಿದ್ದಿ ಬರೆದದ್ದರಲ್ಲಿ, ಪಾಳುಬಿದ್ದ ಮನೆಯಂಗಳದಿಂದ ಪಿಪ್ ಎಸ್ಟೆಲ್ಲಾಳ ಕೈಹಿಡಿದು ಹೊರಬರುತ್ತಾನೆ. ವಿದ್ಯಾರ್ಥಿಗಳಿಗೆ ಇದೇ ಇಷ್ಟ. ನನ್ನ ಮತ ಮೊದಲು ಬರೆದದ್ದಕ್ಕೆ. ಅದರಲ್ಲಿ ಮರುಮದುವೆಯಾದ ಎಸ್ಟೆಲ್ಲಾ ಲಂಡನ್ನಿನ ಬೀದಿಯಲ್ಲಿ ಸಿಗುತ್ತಾಳೆ, ಕೈಕುಲುಕುತ್ತಾಳೆ. ಪಿಪ್‌ನ ಜೊತೆಗಿರುವ ಮಗುವನ್ನು ಅವನದೇ ಎಂದು ತಿಳಿದು ಮುತ್ತಿಡುತ್ತಾಳೆ. ಅದು ಜೋನ ಮಗು. ಪಿಪ್ ಅವಳನ್ನು ತಿದ್ದುವುದಿಲ್ಲ.