ಹಳೆಯ ಕಾರಿನ ಹೊಗೆ

2014ರಲ್ಲಿ ತಯಾರಿಕೆಯೇ ನಿಂತುಹೋದ ಅಂಬಾಸಿಡರನ್ನು ಇನ್ನೂ ಸಾಕುವವರಿಗೆ ಪೆಟ್ರೋಲಿನ ವಾಸನೆ ಹೊಸದಲ್ಲ. ಹೊಗೆಯ ವಾಸನೆಯ ಮಾತೇ ಬೇರೆ. ಅದರ ಜೊತೆಗೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೊದಲು ತಲೆನೋವು, ಆಮೇಲೆ ಜೋಂಪು, ಮಿತಿಮೀರಿದರೆ ಪ್ರಾಣಕ್ಕೇ ಸಂಚಕಾರ.

ಪುಣೆಯಿಂದ ಧಾರವಾಡಕ್ಕೆ ಹೊರಟಾಗಲೆಲ್ಲ, ಹಿಂದೆ ಕೂತ ಮೊಮ್ಮಕ್ಕಳು ಸಾತಾರಾ ಬರುವ ಮೊದಲೇ ತೂಕಡಿಸುತ್ತಿದ್ದರು. "ಇದು ನಿದ್ದಿ ಅಲ್ರೀ, ಮೊದ್ಲ ಗಾಡಿ ತೋರಸ್ರಿ" ಎಂದು ನನ್ನಾಕೆ ಹಟ ಹಿಡಿದಳು.

ಮಿಸ್ತ್ರಿ ಸೈಲೆನ್ಸರನ್ನೂ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟನ್ನೂ ತಡಕಿದ. ಸೋರಿದಲ್ಲಿ ಕಟ್ಟಬೇಕಾದ ಕರಿಮಸಿ ಎಲ್ಲಿಯೂ ಕಾಣಲಿಲ್ಲ. ಮತ್ತೆಲ್ಲಿಂದ ಬಂತು ಹೊಗೆ? ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆ. ಕೊಳವೆಯ ಹೊಗೆ ಅಲ್ಲೇ ಸುಳಿದಾಡಿ, ಡಿಕ್ಕಿಯ ಸಂದಿನಿಂದ ಒಳನುಗ್ಗುತ್ತದೆ. ಕಿಟಕಿ ತೆರೆದರೆ ಕೆಲವೊಮ್ಮೆ ಇನ್ನೂ ಹೆಚ್ಚು! ಡಿಕ್ಕಿಯ ರಬ್ಬರಿಗೆ ಸೀಮೆಸುಣ್ಣ ಬಳಿದು, ಮುಚ್ಚಿ ತೆರೆದೆವು. ಎಡಮೂಲೆಯಲ್ಲಿ ಗೇಣುದ್ದ ಗುರುತೇ ಬಿದ್ದಿರಲಿಲ್ಲ. ರಬ್ಬರು ವಯಸ್ಸಾಗಿ ಕಲ್ಲಾಗಿತ್ತು.

ಹೊಸ ರಬ್ಬರು ಬಂತು. ಕೊಳವೆಯನ್ನೂ ಬಂಪರಿನಾಚೆ ಎರಡಂಗುಲ ಚಾಚಿಸಿದೆವು. ಈ ಸಲದ ದೀಪಾವಳಿಗೆ ಮೊಮ್ಮಕ್ಕಳು ಬೆಳಗಾವಿಯವರೆಗೂ ಕಿಟಕಿಯ ಜಾಗಕ್ಕಾಗಿ ಜಗಳವಾಡುತ್ತಲೇ ಬಂದರು.