ಐದು ಲಕ್ಷ ಹೆಣ್ಣುಚಿಟ್ಟೆಗಳು

ಪ್ರೇಮಕ್ಕೆ ಕಣ್ಣಿಲ್ಲ ಅನ್ನುತ್ತಾರೆ. ಮೂಗಿದೆ ಎಂದು ಸಾಧಿಸಲು ಹೊರಟವರ ಕಥೆ ಓದುವುದು ನನಗೊಂದು ಚಟ. ಅದನ್ನು ಅಂಟಿಸಿದವರು ನಮ್ಮ ಚಿಕ್ಕಪ್ಪ. ಅವರು ರೇಷ್ಮೆ ಬಿತ್ತನೆ ಕೋಠಿಯಲ್ಲಿ ಕೆಲಸಕ್ಕಿದ್ದರು. ಸರ್ಕಾರಿ ಸಂಬಳ ಎಣಿಸಿಕೊಂಡು ಬೆಳಗಾದರೆ ಸಾವಿರಾರು ಮದುವೆ ಮಾಡಿಸುವ ಪುರೋಹಿತ ಈ ಸೀಮೆಗೆಲ್ಲ ತಾನೊಬ್ಬನೇ ಎಂದು ಬೀಗುತ್ತಿದ್ದರು.

ರೈತರು ಚಾಕಿ ಕಟ್ಟುವ, ಅಂದರೆ ಮರಿಹುಳು ಸಾಕಲು ಒಯ್ಯುವ ಮೊಟ್ಟೆ ತಯಾರಾಗುವುದು ಕೋಠಿಯಲ್ಲಿ. ಅಲ್ಲಿಗೆ ಬಂದ ಬಿತ್ತನೆ ಗೂಡನ್ನು ಬೇಯಿಸಿ ನೂಲು ತೆಗೆಯುವುದಿಲ್ಲ, ಒಳಗಿರುವುದು ಚಿಟ್ಟೆಯಾಗಿ ಹೊರಬರಲಿ ಎಂದು ಬಿಟ್ಟುಬಿಡುತ್ತಾರೆ. ನಸುಕಿನಲ್ಲಿ ಗೂಡಿನ ತುದಿ ಒದ್ದೆಯಾಗುತ್ತದೆ, ಅಲ್ಲಿಂದ ಬಿಳಿ ತಲೆಯೊಂದು ತೂರಿ ಬರುತ್ತದೆ. ಹೊಟ್ಟೆ ತುಂಬಿಕೊಂಡು ಗಂಭೀರವಾಗಿ ಕೂರುವುದು ಹೆಣ್ಣು, ಸಣಕಲಾಗಿ ಚಡಪಡಿಸುವುದು ಗಂಡು. ಸಾವಿರಾರು ವರ್ಷ ಮನುಷ್ಯರ ಮನೆಯಲ್ಲೇ ಉಂಡು ಬೆಳೆದು ಎರಡಕ್ಕೂ ಹಾರುವ ವಿದ್ಯೆ ಮರೆತುಹೋಗಿದೆ. ಹೆಣ್ಣು ಕೂತಲ್ಲಿಂದ ಕದಲುವುದಿಲ್ಲ. ಹಿಂತುದಿಯಿಂದ ಹಳದಿ ಬಣ್ಣದ ಒಂದು ಜೊತೆ ಪುಟ್ಟ ಚೀಲ ಹೊರಚಾಚಿ ಸುಮ್ಮನಾಗುತ್ತದೆ, ಅಷ್ಟೆ. ತಟ್ಟೆಯ ಆ ಬದಿಯಲ್ಲಿದ್ದ ಗಂಡಿಗೆ ಹುಚ್ಚು ಹಿಡಿಯುತ್ತದೆ. ಹಾರಲಾರದ ರೆಕ್ಕೆ ಪಟಪಟ ಬಡಿಯುತ್ತ, ಅಡ್ಡಾದಿಡ್ಡಿ ಸುತ್ತುತ್ತ ಅವಳ ಕಡೆ ನುಗ್ಗುತ್ತದೆ. ರೆಕ್ಕೆ ಬಡಿಯುವುದು ಸಡಗರಕ್ಕಲ್ಲ, ಎದುರಿನ ಗಾಳಿಯನ್ನು ಬಾಚಣಿಗೆಯಂಥ ತನ್ನ ಮೀಸೆಗಳತ್ತ ಎಳೆದುಕೊಳ್ಳಲು. ಮೀಸೆ ಕತ್ತರಿಸಿದರೆ ಪಕ್ಕದಲ್ಲೇ ರಂಭೆ ಕೂತಿದ್ದರೂ ಅವನಿಗೆ ಗೊತ್ತಾಗುವುದಿಲ್ಲ.

ಕೆಲವು ಗಂಟೆಯಾದ ಮೇಲೆ ಜೋಡಿ ಬಿಡಿಸುತ್ತಾರೆ. ಗಂಡನ್ನು ಫ್ರಿಜ್ಜಿನಲ್ಲಿಟ್ಟು ಇನ್ನೊಂದು ಸಂಬಂಧಕ್ಕೆ ಬಳಸುವುದೂ ಉಂಟು. ಹೆಣ್ಣು ಹಾಳೆಯ ಮೇಲೆ ಮೊಟ್ಟೆ ಇಟ್ಟ ಮೇಲೆ ಆ ತಾಯಿಯನ್ನು ಅರೆದು, ಗಂಟುರೋಗ ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದು 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಹೇಳಿಕೊಟ್ಟ ಉಪಾಯ. ಜೋಡಿ ಕಟ್ಟುವುದಕ್ಕೂ ಲೆಕ್ಕವಿದೆ: ಮಿಶ್ರತಳಿಗೆ ಮೈಸೂರು ತಳಿಯ ಹೆಣ್ಣು, ದ್ವಿತಳಿಯ ಗಂಡು. ಯಾರಿಗೆ ಯಾರು ಎಂದು ನಿರ್ಧರಿಸುವುದು ಇಲಾಖೆ. "ಜಾತಕ ನಾವು ನೋಡ್ತೀವಿ ಕಣೋ, ಆಸೆ ಅವುಗಳದ್ದು" ಎನ್ನುತ್ತಿದ್ದರು ಚಿಕ್ಕಪ್ಪ.

ಆ ಆಸೆಯ ರಾಸಾಯನಿಕ ಸೂತ್ರ ಬರೆದವನು ಜರ್ಮನಿಯ ಅಡಾಲ್ಫ್ ಬುಟೆನಾಂಟ್. ಆಸಾಮಿ ಅಸಾಧ್ಯ ತಾಳ್ಮೆಯವನು. 1931ರಲ್ಲಿ ಪೊಲೀಸರ ಮೂತ್ರವನ್ನು ಸಾವಿರಾರು ಲೀಟರ್ ಕೂಡಿಹಾಕಿ, ಬಟ್ಟಿ ಇಳಿಸಿ, ಆಂಡ್ರೋಸ್ಟೆರೋನ್ ಎಂಬ ಗಂಡು ಹಾರ್ಮೋನನ್ನು ಮಿಲಿಗ್ರಾಂ ಲೆಕ್ಕದಲ್ಲಿ ತೆಗೆದಿದ್ದ. 1939ರಲ್ಲಿ ನೊಬೆಲ್ ಬಂತು, ತೆಗೆದುಕೊಳ್ಳಲು ನಾಜಿ ಸರ್ಕಾರ ಬಿಡಲಿಲ್ಲ, ಯುದ್ಧ ಮುಗಿದು 1949ರಲ್ಲಿ ಕೈಸೇರಿತು. ಈ ನಡುವೆ ಅವನ ಕಣ್ಣು ರೇಷ್ಮೆಚಿಟ್ಟೆಯ ಮೇಲೆ ಬಿದ್ದಿತ್ತು. ರಾಶಿಗಟ್ಟಲೆ ಸಾಕಬಹುದಾದ, ಹಾರಿಹೋಗದ ಜೀವಿ ಇನ್ನಾವುದಿದೆ? ಸುಮಾರು 20 ವರ್ಷ, 5 ಲಕ್ಷ ಹೆಣ್ಣುಚಿಟ್ಟೆಗಳ ಆ ಹಳದಿ ಚೀಲಗಳು. ಪ್ರತಿ ಹಂತದಲ್ಲೂ ಪರೀಕ್ಷಕ ಗಂಡುಚಿಟ್ಟೆಯೇ: ಸೋಸಿದ ದ್ರವದ ಯಾವ ಪಾಲಿಗೆ ಅದು ರೆಕ್ಕೆ ಬಡಿಯುತ್ತದೋ ಆ ಪಾಲನ್ನು ಇಟ್ಟುಕೊಂಡು ಮಿಕ್ಕಿದ್ದನ್ನು ಚೆಲ್ಲುವುದು. 1959ರಲ್ಲಿ ಕೆಲವೇ ಮಿಲಿಗ್ರಾಂ ಶುದ್ಧ ವಸ್ತು ಸಿಕ್ಕಿತು. ಹೆಸರು ಬಾಂಬಿಕಾಲ್. ಇಂಥ ವಸ್ತುಗಳಿಗೆಲ್ಲ ಫೆರೊಮೋನ್ ಎಂಬ ಹೆಸರಿಟ್ಟದ್ದೂ ಅದೇ ವರ್ಷ. ಇಲ್ಲಿ ಒಂದು ಮಾತು ಹೇಳಲೇಬೇಕು. ಹಾರ್ಮೋನು ಒಂದೇ ಮೈಯೊಳಗೆ ಓಡಾಡುವ ಸುದ್ದಿ, ಫೆರೊಮೋನು ಒಂದು ಮೈಯಿಂದ ಇನ್ನೊಂದು ಮೈಗೆ ಹೋಗುವ ಸುದ್ದಿ. ಸೆಂಟಿನ ಜಾಹೀರಾತು ಬರೆಯುವವರು ಎರಡನ್ನೂ ಕಲಸಿಬಿಡುತ್ತಾರೆ.

ಹುಳುವಿನ ಪಾಡು ಹುಳುವಿಗೆ, ದೊಡ್ಡ ಪ್ರಾಣಿಗೇಕೆ ಎಂದರೆ, 1996ರಲ್ಲಿ ಸಂಶೋಧಕಿ ಬೆಟ್ಸ್ ರಾಸ್ಮುಸೆನ್ ಮತ್ತು ಸಂಗಡಿಗರು ಏಷ್ಯಾದ ಆನೆಯ ಬಗ್ಗೆ ಬರೆದದ್ದನ್ನು ಓದಬೇಕು. ಬೆದೆಗೆ ಬರುವ ಹೆಣ್ಣಾನೆಯ ಮೂತ್ರದಲ್ಲಿ ಸಲಗವನ್ನು ಕರೆಯುವ ವಸ್ತು ಇದೆ. ನೂರಕ್ಕೂ ಹೆಚ್ಚು ಜಾತಿಯ ಕೀಟಗಳು, ಹೆಚ್ಚಾಗಿ ಪತಂಗಗಳು, ಬಳಸುವುದೂ ಅದನ್ನೇ! ಬೇಸಗೆಯಲ್ಲಿ ಕಬಿನಿ ಹಿನ್ನೀರಿನ ದಡಕ್ಕೆ ಹೋದವರು ನೋಡಿರುತ್ತಾರೆ: ಸಲಗ ನೆಲದ ಒದ್ದೆಗೆ ಸೊಂಡಿಲ ತುದಿ ತಾಗಿಸಿ, ಆ ತುದಿಯನ್ನು ಬಾಯಿಯ ಮೇಲಂಗಳಕ್ಕೆ ಒತ್ತಿಕೊಂಡು, ಪತ್ರ ಓದುವವನ ಗತ್ತಿನಲ್ಲಿ ನಿಂತುಬಿಡುತ್ತದೆ. ಜೀಪಿನಲ್ಲಿರುವ ಮಕ್ಕಳು ಆನೆ ನೀರು ಕುಡಿಯಿತು ಅನ್ನುತ್ತಾರೆ, ದೊಡ್ಡವರು ತಿದ್ದಲು ಹೋಗುವುದಿಲ್ಲ.

ಚಿಟ್ಟೆಗಿದೆ, ಆನೆಗಿದೆ, ಹಂದಿಗಿದೆ, ಹಾಗಿದ್ದರೆ ಮನುಷ್ಯನಿಗೆ? ಇಲ್ಲಿಂದ ಕಥೆ ಬೆವರಿಗೆ ಇಳಿಯುತ್ತದೆ. ಗಂಡು ಹಂದಿಯ ಜೊಲ್ಲಿನಲ್ಲಿರುವ ಆಂಡ್ರೋಸ್ಟೆನೋನ್ ನಮ್ಮ ಕಂಕುಳಲ್ಲೂ ಇದೆ ಎಂದು ಗೊತ್ತಾದದ್ದೇ ತಡ, 1980ರಲ್ಲಿ ಇಬ್ಬರು ಸಂಶೋಧಕರು ಅದನ್ನು ದಂತವೈದ್ಯರೊಬ್ಬರ ಕಾಯುವ ಕೋಣೆಯ ಕುರ್ಚಿಗೆ ಸಿಂಪಡಿಸಿ, ಹೆಂಗಸರು ಅಲ್ಲಿ ಹೆಚ್ಚು ಕೂರುತ್ತಾರೆ ಎಂದು ವರದಿ ಮಾಡಿದರು. ಹಲ್ಲುನೋವಿನವರು ಖಾಲಿ ಕುರ್ಚಿ ಕಂಡಲ್ಲಿ ಕೂರುತ್ತಾರೆ ಎಂಬುದು ನನ್ನ ಅನುಭವ.

ಗಂಭೀರವಾದ ಪ್ರಯೋಗ ನಡೆದದ್ದು 1995ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ. ಸಂಶೋಧಕ ಕ್ಲಾಸ್ ವೆಡೆಕಿಂಡ್ 44 ಹುಡುಗರಿಗೆ ಹತ್ತಿಯ ಟೀ ಶರ್ಟ್ ಕೊಟ್ಟು ಎರಡು ರಾತ್ರಿ ತೊಡಿಸಿ ಮಲಗಿಸಿದ. ಸುವಾಸನೆಯ ಸೋಪು ಕೂಡದು, ಘಾಟಿನ ಊಟ ಕೂಡದು. ಆಮೇಲೆ 49 ಹುಡುಗಿಯರು ಡಬ್ಬಿಯ ತೂತಿಗೆ ಮೂಗಿಟ್ಟು ಅಂಕ ಕೊಟ್ಟರು. ರೋಗನಿರೋಧಕ ಶಕ್ತಿಗೆ ಸಂಬಂಧಿಸಿದ ಜೀನುಗಳು ತಮ್ಮವಕ್ಕಿಂತ ಬೇರೆಯಾಗಿದ್ದವರ ಬೆವರೇ ಅವರಿಗೆ ಹಿತವೆನಿಸಿತ್ತು. ಅಂಥ ಜೋಡಿಯ ಮಕ್ಕಳಿಗೆ ಹೆಚ್ಚು ಬಗೆಯ ರೋಗ ಎದುರಿಸುವ ಶಕ್ತಿ ಬರುತ್ತದೆ, ಅದಕ್ಕೇ ವಿಕಾಸ ಮೂಗಿಗೆ ಈ ಬುದ್ಧಿ ಕೊಟ್ಟಿದೆ ಎಂಬುದು ತರ್ಕ. ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದವರಲ್ಲಿ ಮಾತ್ರ ಫಲಿತಾಂಶ ತಿರುಗುಮುರುಗು.

ತರ್ಕ ಚೆಂದವಿದೆ. ಆದರೆ ನಮ್ಮಜ್ಜಿಯನ್ನು ಕೊಟ್ಟದ್ದು ಅವಳ ಸೋದರಮಾವನಿಗೇ. ನಮ್ಮ ಸೀಮೆಯಲ್ಲಿ ಇದು ಅಪರೂಪವೇನಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹೆರಿಗೆಯಾದ ದಂಪತಿಗಳ ಲೆಕ್ಕ ತೆಗೆದಾಗ ಸುಮಾರು ಮೂರರಲ್ಲಿ ಒಂದು ಜೋಡಿ ರಕ್ತಸಂಬಂಧಿಗಳೇ. ವೆಡೆಕಿಂಡನ ಲೆಕ್ಕದಲ್ಲಿ ಅಜ್ಜಿಗೆ ತಾತನ ಬೆವರು ಹಿಡಿಸಬಾರದಿತ್ತು. ಅವಳು ಬದುಕಿರುವಷ್ಟು ದಿನ ದೂರಿದ್ದು ಅವರ ಬೀಡಿ ವಾಸನೆಯನ್ನು. ಅದಕ್ಕಿಂತ ಮುಖ್ಯ ಸಂಗತಿ ಬೇರೆ. ಬರ್ನ್‌ನಲ್ಲಿ ಡಬ್ಬಿಯ ಮುಂದೆ ಹುಡುಗಿ ಒಬ್ಬಳೇ ನಿಂತಿದ್ದಳು. ನಮ್ಮಲ್ಲಿ ಡಬ್ಬಿ ಮೂಸುವವರು ದೊಡ್ಡಪ್ಪ, ಸೋದರತ್ತೆ, ಊರ ಯಜಮಾನರು. ಅವರ ಮೂಗಿಗೆ ಬಡಿಯುವುದು ಹೊಲ, ಬಾವಿ, ಹಳೇ ಜಗಳ. ಯಾರು ಆರಿಸುತ್ತಾರೆ ಎಂಬುದನ್ನೇ ಕೇಳದೆ ಆಯ್ಕೆಯ ಮನಃಶಾಸ್ತ್ರ ಬರೆಯುವವರ ಬಗ್ಗೆ ನನ್ನ ತಕರಾರು ಇಷ್ಟೇ. ಕೋಠಿಯಲ್ಲೂ ಜೋಡಿ ಕಟ್ಟಿದ್ದು ಇಲಾಖೆ ತಾನೇ?

ಬರ್ನ್ ಪ್ರಯೋಗವನ್ನು ಬೇರೆ ಬೇರೆ ಕಡೆ ಮಾಡಿ ನೋಡಿದರು. ಒಮ್ಮೆ ಹೌದು ಎಂದಿತು, ಇನ್ನೊಮ್ಮೆ ಇಲ್ಲ. ತಿಂಗಳ ಚಕ್ರಕ್ಕೆ ತಕ್ಕಂತೆ ಹೆಂಗಸರ ಕಣ್ಣಿಗೆ ಗಡುಸು ಮುಖ ಚೆಂದ ಕಾಣುತ್ತದೆ ಎಂಬ ಮಾತಿಗೂ ಅದೇ ಗತಿ. ಗ್ಲಾಸ್ಗೋದ ಸಂಶೋಧಕರು 584 ಮಹಿಳೆಯರ ಜೊಲ್ಲಿನಲ್ಲಿ ಹಾರ್ಮೋನು ಅಳೆದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ಇನ್ನು ಬಾಟಲಿಯಲ್ಲಿ ಮಾರುವ 'ಮಾನವ ಫೆರೊಮೋನ್'. ಅದರ ಬೇರು ಹುಡುಕಿಕೊಂಡು ಹೋದ ಆಕ್ಸ್‌ಫರ್ಡಿನ ಟ್ರಿಸ್ಟ್ರಮ್ ವ್ಯಾಟ್ ಮುಟ್ಟಿದ್ದು 1991ರ ಪ್ಯಾರಿಸ್ ಸಮ್ಮೇಳನವೊಂದನ್ನು. ಅದಕ್ಕೆ ದುಡ್ಡು ಸುರಿದದ್ದು ಪೇಟೆಂಟಿನ ಆಸೆಯಿದ್ದ ಕಂಪನಿ. ಅಲ್ಲಿ ಮಾನವ ಫೆರೊಮೋನ್ ಎಂದು ಮುಂದಿಟ್ಟ ವಸ್ತುಗಳನ್ನು ಬುಟೆನಾಂಟ್ ಥರ ಸೋಸಿ, ಪರೀಕ್ಷಿಸಿ ಆರಿಸಿದ ದಾಖಲೆಯೇ ಇರಲಿಲ್ಲ. ಮನುಷ್ಯರ ಫೆರೊಮೋನ್ ಒಂದೂ ಇನ್ನೂ ರುಜುವಾತಾಗಿಲ್ಲ ಎಂದು 2015ರಲ್ಲಿ ಅವರು ಬರೆದರು. ಚಿಟ್ಟೆಯಾದರೆ ರೆಕ್ಕೆ ಬಡಿದು ಸಾಕ್ಷಿ ಹೇಳುತ್ತದೆ. ಮನುಷ್ಯ ಹಾಗಲ್ಲ, ನೆನಪು, ನಾಚಿಕೆ, ಹಿಂದಿನ ರಾತ್ರಿಯ ಊಟ ಎಲ್ಲವನ್ನೂ ಮೂಗಿನೊಳಗೆ ತುಂಬಿಕೊಂಡು ಬಂದಿರುತ್ತಾನೆ.

ಹುಡುಕಲೇಬೇಕಿದ್ದರೆ ಪ್ರಣಯ ಬಿಟ್ಟು ಬಾಣಂತಿ ಕೋಣೆಯಿಂದ ಶುರುಮಾಡಿ ಎಂಬುದು ವ್ಯಾಟ್ ಸಲಹೆ. ಫ್ರಾನ್ಸಿನ ಬೆನ್ವಾ ಶಾಲ್ ತಂಡ 2009ರಲ್ಲಿ ತೋರಿಸಿದ್ದಿದೆ: ಬಾಣಂತಿಯ ಮೊಲೆತೊಟ್ಟಿನ ಸುತ್ತಲ ಗ್ರಂಥಿಗಳ ಸ್ರಾವವನ್ನು ಮೂರು ದಿನದ ಕೂಸಿನ ಮೂಗಿನ ಬಳಿ ಹಿಡಿದರೆ, ಅವಳು ಅದರ ತಾಯಿಯೇ ಆಗಬೇಕಿಲ್ಲ, ಕೂಸು ಬಾಯಿ ತೆರೆದು ನಾಲಿಗೆ ಚಾಚುತ್ತದೆ. ತಂಗಿ ಬಾಣಂತನಕ್ಕೆ ಬಂದಿದ್ದಾಗ ನಾನು ಇದನ್ನು ಅಮ್ಮನಿಗೆ ವಿವರಿಸಲು ಹೋದೆ. "ಅದಕ್ಕೇ ಹೇಳೋದು, ಸೆಂಟು ಬಳ್ಕೊಂಡು ಕೂಸಿನ ಹತ್ರ ಬರಬೇಡ, ಆಚೆ ನಡಿ" ಎಂದು ನನ್ನನ್ನು ಹೊರಗಟ್ಟಿ, ಕೋಣೆಯ ತುಂಬ ಕಣ್ಣುರಿಯುವಷ್ಟು ಸಾಂಬ್ರಾಣಿ ಹೊಗೆ ಹಾಕಿದಳು.